ಸೊಲ್ಲು ಎತ್ತುವವಳು

ಸಾಗರದ ಯಮುನಮ್ಮನ ಮನೆಯಲ್ಲಿ ವರ್ಷಕ್ಕೊಮ್ಮೆ ಸೇರುತ್ತಿದ್ದ ನೇರಲಗೋಡಿನ ಹೆಣ್ಣುಮಕ್ಕಳ ಕೂಟಕ್ಕೆ ಯಾರೂ ಏನನ್ನೂ ತರುವ ಹಾಗಿರಲಿಲ್ಲ. ತಂದರೆ ತಂದದ್ದರ ಗತಿ ಅಟ್ಟ. ಮಂಡಗದ್ದೆಯಲ್ಲಿ ಅಂಗನವಾಡಿ ಟೀಚರ್ ಆಗಿರುವ ಪ್ರತಿಮಾ ಒಂದು ವರ್ಷ ಆಸೆಪಟ್ಟು ಡಬ್ಬಿ ತುಂಬ ಕಜ್ಜಾಯ ಮಾಡಿಕೊಂಡು ಬಂದಿದ್ದಳು. ಯಮುನಮ್ಮ ಡಬ್ಬಿಯ ಮುಚ್ಚಳ ತೆಗೆದು ಮೂಸಿ, ಚೆನ್ನಾಗಿದೆ ಮಗಾ ಎಂದು ಹೊಗಳಿ, ನೇರ ಅಟ್ಟಕ್ಕೇರಿಸಿದಳು. ಕೂಟ ಮುಗಿದು ಎಲ್ಲರೂ ಬಸ್ಸು ಹತ್ತಿದ ಮೇಲೆ ಅದನ್ನು ತಿಂದವನು ಅವಳ ಗಂಡ ಪುಟ್ಟಪ್ಪ ಒಬ್ಬನೇ. ವಾರವಿಡೀ ತಿಂದ. ತಿನ್ನುತ್ತಲೇ ಹೆಂಡತಿಯ ಪರವಾಗಿ ಪ್ರತಿಮಾಳಿಗೆ ಫೋನು ಮಾಡಿ ಕ್ಷಮೆಯನ್ನೂ ಕೇಳಿದ.

ಯಮುನಮ್ಮ ಕೆಟ್ಟವಳಲ್ಲ. ಒಂದು ಕೆಲಸವನ್ನು ಇನ್ನೊಬ್ಬರು ಮಾಡುವುದನ್ನು ನೋಡಿಕೊಂಡು ಸುಮ್ಮನೆ ಕೂರುವ ವಿದ್ಯೆಯೊಂದನ್ನು ದೇವರು ಅವಳಿಗೆ ಕೊಟ್ಟಿರಲಿಲ್ಲ, ಅಷ್ಟೆ. ಕೂಟದ ದಿನ ಗೊತ್ತು ಮಾಡುವವಳು ಅವಳು, ಫೋನು ಮಾಡಿ ಕರೆಯುವವಳು ಅವಳು, ಕಡುಬಿಗೆ ಅಕ್ಕಿ ನೆನೆಹಾಕುವವಳು, ಕೋಳಿ ಸಾರಿಗೆ ಮಸಾಲೆ ಅರೆಯುವವಳು, ಯಾರು ಎಲ್ಲಿ ಕೂರಬೇಕು ಎಂದು ಚಾಪೆ ಹಾಸುವವಳೂ ಅವಳೇ. ಯಾರಾದರೂ ಸೌಟಿಗೆ ಕೈ ಹಾಕಿದರೆ, ನೀ ಕೂತ್ಕ, ಬಳಲಿ ಬಂದೀಯ ಎಂದು ಪ್ರೀತಿಯಿಂದಲೇ ಕಿತ್ತುಕೊಳ್ಳುತ್ತಿದ್ದಳು. ಬಂದವರಿಗೆ ಮೊದಲ ವರ್ಷಗಳಲ್ಲಿ ಇದು ಮುಜುಗರವಾಯಿತು, ಆಮೇಲೆ ಅಭ್ಯಾಸವಾಯಿತು, ಕಡೆಗೆ ಹಕ್ಕೇ ಆಯಿತು. ಸಾರಿಗೆ ಉಪ್ಪು ಹೆಚ್ಚು ಎಂದು ಕೈ ತೊಳೆಯುತ್ತ ಮಾತಾಡಿಕೊಳ್ಳುವಷ್ಟು ಮಟ್ಟಕ್ಕೆ ಹೋಯಿತು. ಮಾಡುವವಳು ಒಬ್ಬಳಾದರೆ ಹೆಸರಿಡುವವರು ಹತ್ತು ಜನ.

ನೇರಲಗೋಡು ಈಗ ಯಾವ ಬಸ್ಸಿನ ಬೋರ್ಡಿನಲ್ಲೂ ಇಲ್ಲ. ಲಿಂಗನಮಕ್ಕಿ ಅಣೆಕಟ್ಟಿನ ನೀರು ಏರಿದಾಗ ಯಮುನಮ್ಮ ಲಂಗ ಹಾಕುವ ಹುಡುಗಿ. ಗೇಣಿ ಗದ್ದೆ ಮಾಡಿಕೊಂಡಿದ್ದ ಹನ್ನೊಂದು ಮನೆಗಳು, ಲಾರಿ ಎಲ್ಲಿ ಇಳಿಸಿತೋ ಅಲ್ಲಿಯೇ ಬೇರು ಬಿಟ್ಟವು. ಕೆಲವರು ಬ್ಯಾಕೋಡಿನ ಕಡೆ ಮೇಲೇರಿದರು, ಕೆಲವರು ಹೊಸನಗರದ ನಿಟ್ಟೂರಿನ ಕಡೆ ಹೋದರು, ಇನ್ನು ಕೆಲವರು ತೀರ್ಥಹಳ್ಳಿ ದಾಟಿ ಮಂಡಗದ್ದೆಯ ಹತ್ತಿರ ಗದ್ದೆ ಹಿಡಿದರು. ಕಾಲಕ್ರಮೇಣ ಗೇಣಿದಾರರು ಹೊಲದೊಡೆಯರಾದರು, ಅವರ ಮಕ್ಕಳು ಟೈಲರು, ಟೀಚರು, ಕಂಡಕ್ಟರು ಆದರು. ಆ ಮನೆಗಳ ಹೆಣ್ಣುಮಕ್ಕಳಿಗೆ ಮಾತ್ರ ತವರು ಎಂದರೆ ಯಾವುದು ಎಂಬ ಪ್ರಶ್ನೆ ಉಳಿದುಕೊಂಡಿತು. ನೀರಿನಡಿ ಇರುವ ಊರಿಗೆ ಹಬ್ಬಕ್ಕೆ ಹೋಗುವುದು ಹೇಗೆ?

ಹೋಗುವುದಕ್ಕೆ ಇದ್ದ ಒಂದೇ ದಾರಿ ಹಾಡು. ನೇರಲಗೋಡಿನಲ್ಲಿ ಮದುವೆಯ ಹಿಂದಿನ ದಿನ ಹೆಂಗಸರು ಹಸೆಯ ಮುಂದೆ ಕೂರುತ್ತಿದ್ದರು. ಗೋಡೆಗೆ ಕೆಮ್ಮಣ್ಣು ಬಳಿದು, ಅಕ್ಕಿಹಿಟ್ಟಿನಲ್ಲಿ ಬರೆದ ಚಿತ್ತಾರವೇ ಹಸೆ. ಅದರ ಮುಂದೆ ಕೂತು ಊರಿನ ಒಂದೊಂದೇ ಮನೆಯನ್ನು ಹಾಡಿನಲ್ಲಿ ಕರೆಯಬೇಕು. ಒಬ್ಬಳು ಸೊಲ್ಲು ಎತ್ತುತ್ತಾಳೆ: ಕೆರೆದಂಡೆ ಮನೆಯೋರೆ, ಕೆಂದಾಳಿ ತೆಂಗಿನೋರೆ. ಉಳಿದವರು ಹಿಡಿಯುತ್ತಾರೆ: ಎದ್ದು ಬನ್ನೀರೇ ನಮ್ಮ ಹಸೆಮುಂದೆ. ಕರೆಸಿಕೊಂಡ ಮನೆಯ ಹೆಂಗಸು ಬಂದ್ವಿ ಎಂದು ಓಗೊಟ್ಟು ಮುಂದೆ ಬಂದು ಕೂರಬೇಕು. ಹೀಗೆ ಕೆಳಗಿನ ಕೇರಿಯಿಂದ ಹೊರಟ ಹಾಡು ಗಾಡಿರಸ್ತೆ ಹಿಡಿದು ಮೇಲಿನ ಕೇರಿ ಮುಟ್ಟುವ ಹೊತ್ತಿಗೆ ಊರೆಲ್ಲ ಹಸೆಯ ಮುಂದೆ ಇರುತ್ತಿತ್ತು.

ಊರಿನಲ್ಲಿ ಸೊಲ್ಲು ಎತ್ತುತ್ತಿದ್ದವಳು ಯಮುನಮ್ಮನ ಅವ್ವ. ಅವಳ ನಂತರ ಯಮುನಮ್ಮ. ಊರನ್ನೇ ಕಾಣದ ಸುಷ್ಮಾ, ಪ್ರತಿಮಾರಂಥ ಮೊಮ್ಮಕ್ಕಳ ಪೀಳಿಗೆಗೆ ಕೆರೆ ಎಲ್ಲಿತ್ತು, ಬೇಲಿ ದಾಟುವ ದಣಪೆ ಎಲ್ಲಿತ್ತು ಎನ್ನುವುದು ಗೊತ್ತಾಗಿದ್ದರೆ ಅದು ಯಮುನಮ್ಮನ ಗಂಟಲಿನಿಂದ. ಹಾಡು ಪೂರ್ತಿ ಬರುವುದು ತನಗೊಬ್ಬಳಿಗೇ ಎಂಬ ಹೆಮ್ಮೆ ಅವಳಿಗಿತ್ತು. ಹೆಮ್ಮೆಯ ಅಡಿಯಲ್ಲಿ ಹೆದರಿಕೆಯೂ ಇತ್ತು. ಒಂದು ಕೈ ಸಡಿಲಿಸಿದರೆ ಊರು ಎರಡನೇ ಸಲ ಮುಳುಗುತ್ತದೆ ಎಂದು ಅವಳು ನಿಜಕ್ಕೂ ನಂಬಿದ್ದಳು. ಹಾಗಾಗಿ ಕಡುಬಿನಿಂದ ಹಿಡಿದು ಹಾಡಿನವರೆಗೆ ಯಾವುದನ್ನೂ ಬಿಡಲಿಲ್ಲ.

ಆ ಗಂಟಲೇ ಕೈಕೊಟ್ಟಿತು. ಕುತ್ತಿಗೆಯಲ್ಲಿ ಎದ್ದಿದ್ದ ಗಂಟನ್ನು ಶಿವಮೊಗ್ಗದಲ್ಲಿ ತೆಗೆಸಿಕೊಂಡು ಬಂದಳು. ಭಯಪಡುವಂಥದ್ದು ಏನೂ ಇಲ್ಲ, ಆದರೆ ಮಳೆಗಾಲ ಹಿಡಿಯುವವರೆಗೆ ಮಾತಾಡಬೇಡಿ, ಹಾಡುವುದಂತೂ ಬೇಡವೇ ಬೇಡ ಎಂದು ಡಾಕ್ಟರು ಹೇಳಿ ಕಳಿಸಿದರು. ಹಿನ್ನೀರು ದಾಟಿಸುವ ಲಾಂಚಿನಲ್ಲಿ ಕೆಲಸ ಮಾಡಿ ನಿವೃತ್ತನಾಗಿದ್ದ ಪುಟ್ಟಪ್ಪ, ಇಂಜಿನ್ ಆಫ್ ಆದಾಗ ಹಿನ್ನೀರಿನ ನಡುವೆ ಇರುತ್ತಿತ್ತಲ್ಲ, ಈಗ ಮನೆಯಲ್ಲಿ ಅಂಥದ್ದೇ ನಿಶ್ಶಬ್ದ ಎಂದು ಅಕ್ಕಪಕ್ಕದವರಿಗೆ ಹೇಳಿಕೊಂಡು ತಿರುಗಿದ. ಆದರೆ ಎರಡೇ ದಿನಕ್ಕೆ ಅವನಿಗೂ ಆ ನಿಶ್ಶಬ್ದ ಸಾಕಾಗಿ, ಬೈಯುವುದಕ್ಕಾದರೂ ಬಾಯಿ ಬಿಡು ಮಾರಾಯ್ತಿ ಎಂದು ಗೋಗರೆದ.

ಯುಗಾದಿ ಕಳೆದಿತ್ತು. ಕೂಟದ ಸಮಯ ಹತ್ತಿರ ಬಂದಿತ್ತು. ಯಮುನಮ್ಮ ಪುಟ್ಟಪ್ಪನ ಕೈಯಲ್ಲಿ ಎಲ್ಲರಿಗೂ ಫೋನು ಮಾಡಿಸಿ, ಈ ವರ್ಷ ಕೂಟ ಇಲ್ಲ ಎಂದು ಹೇಳಿಸಿದಳು. ಹೇಳಿಸಿದ ಮೇಲೆ ಒಳಗೆ ಹೋಗಿ ಗೋಡೆಗೆ ಮುಖ ಮಾಡಿ ಮಲಗಿದಳು.

ಮೂರನೆಯ ದಿನ ನಿಟ್ಟೂರಿನಿಂದ ಹಾಲಮ್ಮ ಬಂದಳು. ನೇರಲಗೋಡಿನಲ್ಲಿ ಇಬ್ಬರದೂ ಅಕ್ಕಪಕ್ಕದ ಮನೆ, ಒಂದೇ ವಯಸ್ಸು, ಒಂದೇ ಹೊಳೆಯಲ್ಲಿ ಏಡಿ ಹಿಡಿದವರು. ಹಾಲಮ್ಮ ಮಾತು ಕಡಿಮೆಯವಳು. ಅಷ್ಟು ವರ್ಷ ಕೂಟಕ್ಕೆ ಬಂದು, ಚಾಪೆಯ ಮೂಲೆಯಲ್ಲಿ ಕೂತು, ಹಿಡಿಯುವ ಸಾಲು ಹಿಡಿದು, ಉಂಡು ಹೋಗುತ್ತಿದ್ದವಳು. ಈ ಸಲ ಬಂದವಳು ನೀರು ಕೂಡ ಕುಡಿಯದೆ, ಕೂಟ ತನ್ನ ಮನೆಯಲ್ಲಿ ಬರುವ ಭಾನುವಾರ ಎಂದಳು. ಯಮುನಮ್ಮ ಬೇಡ ಎಂದು ಕೈ ಆಡಿಸಿದಳು.

ಹಾಲಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. "ನೀ ಇಲ್ಲ ಅಂದ್ಕೂಡ್ಲೆ ಇಲ್ಲ ಆಗ್ತದಾ ಯಮುನಿ? ಕೂಟ ನಿಂದಾ, ಊರಿಂದಾ?"

ಯಮುನಮ್ಮನಿಗೆ ಇದು ಚುಚ್ಚಿತು. ಗಂಟಲು ಸರಿ ಇದ್ದಿದ್ದರೆ ಎಷ್ಟು ವರ್ಷದ ಅಕ್ಕಿ, ಎಷ್ಟು ವರ್ಷದ ಬೆನ್ನುನೋವು ಎಂದು ಹರಿಕಥೆಯನ್ನೇ ಮಾಡುತ್ತಿದ್ದಳು. ಮಾತಿಲ್ಲದ್ದರಿಂದ ಸಿಟ್ಟಿಗೆ ಹೊರಗೆ ಹೋಗುವ ದಾರಿ ಸಿಗಲಿಲ್ಲ. ಅದು ಒಳಗೇ ಸುತ್ತಿ ಸುತ್ತಿ, ಹಾಲಮ್ಮ ಬಸ್ಸು ಹತ್ತುವ ಹೊತ್ತಿಗೆ ಬರೀ ಅಳುವಾಗಿ ಉಳಿಯಿತು. ತಾನಿಲ್ಲದೆಯೂ ನಡೆಯುತ್ತದೆ ಎನ್ನುವುದಾದರೆ ತಾನು ಇಷ್ಟು ವರ್ಷ ಹಿಡಿದುಕೊಂಡಿದ್ದು ಏನನ್ನು? ತಾನಿಲ್ಲದೆ ನಡೆಯದೇ ಹೋದರೆ ಊರಿನ ಗತಿ ಏನು? ಎರಡರಲ್ಲಿ ಯಾವುದು ಆದರೂ ಅವಳಿಗೆ ಸಂಕಟವೇ.

ಪುಟ್ಟಪ್ಪ ಕಾಫಿ ಮಾಡಿಕೊಂಡು ಬಂದು ಪಕ್ಕದಲ್ಲಿ ಕೂತ. "ಹೋಗಿ ಕೂತು, ಉಂಡು ಬಾ. ನೆಂಟ್ರು ಮಾಡೂದು ಅಷ್ಟೇಯ. ನೀ ಯಾವತ್ತಾದ್ರೂ ನೆಂಟ್ಳಾಗಿದ್ಯಾ?"

ಭಾನುವಾರ ಇಬ್ಬರೂ ನಿಟ್ಟೂರಿಗೆ ಹೋದರು. ಬರಿಗೈಯಲ್ಲಿ ಬಾ ಎಂದು ಹಾಲಮ್ಮ ಕಟ್ಟಪ್ಪಣೆ ಮಾಡಿದ್ದಳು. ಬಸ್ಸಿನಲ್ಲಿ ಯಮುನಮ್ಮ ಕೈ ಎಲ್ಲಿಡಬೇಕೆಂದು ತಿಳಿಯದೆ ಒಂದು ಸಲ ಮಡಿಲಲ್ಲಿ, ಒಂದು ಸಲ ಮುಂದಿನ ಸೀಟಿನ ಮೇಲೆ ಇಟ್ಟು ನೋಡಿದಳು.

ಹಾಲಮ್ಮನ ಮನೆಯ ಅಂಗಳಕ್ಕೆ ಕಾಲಿಟ್ಟಾಗಲೇ ಅವಳಿಗೆ ತಲೆ ಧಿಮ್ಮೆಂದಿತು. ಹಸೆ ಬರೆದದ್ದು ಗೋಡೆಗಲ್ಲ, ಒಂದು ಪ್ಲೈವುಡ್ ಹಲಗೆಗೆ. ಚಪ್ಪಲಿಗಳು ದಿಕ್ಕಾಪಾಲಾಗಿ ಬಿದ್ದಿದ್ದವು. ಚಾಪೆ ಯಾರೂ ಹಾಸಿರಲಿಲ್ಲ, ಬಂದವರೇ ಎಳೆದು ಹಾಸಿಕೊಳ್ಳುತ್ತಿದ್ದರು. ಅಡುಗೆಮನೆಯದು ಇನ್ನೊಂದು ಕಥೆ. ಪ್ರತಿ ಮನೆಯಿಂದ ಒಂದೊಂದು ತನ್ನಿ ಎಂದು ಹಾಲಮ್ಮ ಹೇಳಿದ್ದಳಂತೆ, ಏನು ಎಂದು ಹೇಳಿರಲಿಲ್ಲ. ಅದು ಹಲಸಿನಕಾಯಿಯ ಕಾಲ. ಐದು ಮನೆಯಿಂದ ಹಲಸಿನಕಾಯಿ ಪಲ್ಯ ಬಂದು ಸಾಲಾಗಿ ಕೂತಿತ್ತು. ಕಡುಬು ಬೆಟ್ಟದಷ್ಟು ಇತ್ತು. ಅದಕ್ಕೆ ಸಾರು ಮಾತ್ರ ಯಾರೂ ತಂದಿರಲಿಲ್ಲ, ಸಾರು ಇನ್ನೊಬ್ಬರು ತರುತ್ತಾರೆ ಎಂದು ಎಲ್ಲರೂ ಅಂದುಕೊಂಡಿದ್ದರು.

ಯಮುನಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದಳು. ಎದ್ದು ಏನು ಹೇಳುವುದು, ಬಾಯಿಲ್ಲ. ಬೆರಳು ತೋರಿಸಿದರೆ ಯಾರೂ ನೋಡುತ್ತಿರಲಿಲ್ಲ. ಅಷ್ಟರಲ್ಲಿ ಹಾಲಮ್ಮನ ಮಗ ಸತೀಶ್ ಬೈಕಿನಲ್ಲಿ ಹೋಗಿ ಕೋಳಿ ತಂದ. ಹೆಂಗಸರ ಕೂಟದ ಸಾರನ್ನು ಹಿತ್ತಲಲ್ಲಿ ಮೂರು ಕಲ್ಲು ಹೂಡಿ ಗಂಡಸರು ಬೇಯಿಸಿದರು. ಪುಟ್ಟಪ್ಪನೂ ಪಂಚೆ ಎತ್ತಿಕಟ್ಟಿ ಸೇರಿಕೊಂಡ. ಮನೆಯಲ್ಲಿ ಒಂದು ದಿನವೂ ಈರುಳ್ಳಿ ಹೆಚ್ಚದವನು ಇಲ್ಲಿ ಖಾರದ ಹದ ಹೇಳುತ್ತಿದ್ದ. ಆ ಹದದ ಫಲವಾಗಿ ಊಟ ಮಾಡಿದವರೆಲ್ಲರ ಮೂಗಿನಲ್ಲಿ ನೀರು ಸುರಿಯಿತು. ಆದರೂ ಯಾರೂ ಹೆಸರಿಡಲಿಲ್ಲ. ಎಲ್ಲರೂ ಒಂದಿಷ್ಟು ಮಾಡಿದ ಅಡುಗೆಗೆ ಹೆಸರಿಡುವವರು ಯಾರು?

ಉಂಡು ಕೈ ತೊಳೆಯುವಾಗಲೇ ಬರುವ ವರ್ಷ ಮಂಡಗದ್ದೆಯಲ್ಲಿ ಎಂದು ಪ್ರತಿಮಾ ಹೇಳಿಬಿಟ್ಟಳು. ಬ್ಯಾಕೋಡಿನಲ್ಲಿ ಹೊಲಿಗೆ ಅಂಗಡಿ ಇಟ್ಟಿರುವ ಸುಷ್ಮಾ, ಅದರ ಮುಂದಿನದು ನಮ್ಮಲ್ಲಿ, ಈಗ ಸೇತುವೆ ಆಗಿದೆ, ಲಾಂಚಿಗೆ ಕಾಯುವ ಗೋಜಿಲ್ಲ ಎಂದಳು. ಲಾಂಚಿನ ಮಾತು ಬಂದದ್ದಕ್ಕೆ ಪುಟ್ಟಪ್ಪ ಹಿತ್ತಲಿನಿಂದಲೇ ಒಂದು ನಿಟ್ಟುಸಿರು ಬಿಟ್ಟ. ಯಮುನಮ್ಮ ಗೋಡೆಗೆ ಒರಗಿ ಕೂತು ಎಲ್ಲವನ್ನೂ ಕೇಳಿಸಿಕೊಂಡಳು. ಅಟ್ಟದ ಮೇಲಿಟ್ಟ ದೊಡ್ಡ ಪಾತ್ರೆಗಳನ್ನು ಇನ್ನು ಇಳಿಸುವ ಅಗತ್ಯವಿಲ್ಲ ಎಂದು ಯೋಚಿಸಿದಳು. ಹಗುರವಾಯಿತೋ ಹೊಟ್ಟೆ ಉರಿಯಿತೋ ಅವಳಿಗೇ ಬಗೆಹರಿಯಲಿಲ್ಲ. ಊಟವೇನೋ ಹೇಗೋ ಆಯಿತು, ಆದರೆ ಹಾಡು? ಊಟ ಮಾಡಿ ಫೋಟೋ ತೆಗೆಸಿಕೊಂಡು ಹೋಗುವುದಾದರೆ ಅದಕ್ಕೆ ನೇರಲಗೋಡು ಏಕೆ ಬೇಕು?

ಹೆಂಗಸರು ಹಸೆಯ ಮುಂದೆ ಕೂತರು. ದೀಪ ಹಚ್ಚಿದ್ದಾಯಿತು. ಆಮೇಲೆ ಯಾರೂ ಬಾಯಿ ಬಿಡಲಿಲ್ಲ.

ಅವರೆಲ್ಲರಿಗೂ ಬರುತ್ತಿದ್ದದ್ದು ಹಿಡಿಯುವ ಸಾಲು. ಎದ್ದು ಬನ್ನೀರೇ ನಮ್ಮ ಹಸೆಮುಂದೆ, ಅದನ್ನು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದರು. ಆದರೆ ಯಾರು ಎದ್ದು ಬರಬೇಕು ಎನ್ನುವುದು ಎತ್ತುವವಳ ಬಾಯಲ್ಲಿತ್ತು. ಸುಷ್ಮಾ ಸುಮ್ಮನೆ ಇರಲಾರದೆ ಹಿಡಿಯುವ ಸಾಲನ್ನೇ ಒಂದು ಸಲ ಹಾಡಿದಳು, ನಾಲ್ಕು ಜನ ಜೊತೆಗೂಡಿದರು, ಅಲ್ಲಿಗೆ ನಿಂತಿತು. ಎಲ್ಲರ ಕಣ್ಣೂ ಯಮುನಮ್ಮನ ಕಡೆ ತಿರುಗಿತು. ನೋಡಿದಿರಾ ಎಂಬ ಸಣ್ಣ ಗೆಲುವೊಂದು ಅವಳೊಳಗೆ ಎದ್ದಿತು. ಅದರ ಬೆನ್ನಿಗೇ ಅವಳಿಗೆ ಭಯವಾಯಿತು. ಇಷ್ಟು ವರ್ಷ ತಾನು ಇವರ ಬಾಯಿಗೆ ಹಾಕಿದ್ದು ಹಾಡಿನ ಬಾಲ ಮಾತ್ರ ಎಂಬುದು ಆಗಲೇ ಅವಳಿಗೆ ಗೊತ್ತಾದದ್ದು. ಪಿಸುಮಾತಿನಲ್ಲಾದರೂ ಎತ್ತಿಕೊಡೋಣ ಎಂದು ಮುಂದೆ ಬಾಗಿದಳು. ಹಾಲಮ್ಮ ಅವಳ ಮೊಣಕಾಲ ಮೇಲೆ ಕೈಯಿಟ್ಟು ಅದುಮಿದಳು, ಕೈ ತೆಗೆಯಲಿಲ್ಲ.

ಪ್ರತಿಮಾ ಗಂಟಲು ಸರಿಮಾಡಿಕೊಂಡಳು. ತನಗೆ ಬೇರೆ ಮನೆಯದು ಬರುವುದಿಲ್ಲ, ತನ್ನ ಅಜ್ಜಿಮನೆಯ ಸಾಲು ಗೊತ್ತು, ಚಿಕ್ಕವಳಿದ್ದಾಗ ಅದು ಯಾವಾಗ ಬರುತ್ತದೋ ಎಂದು ಕಾದು ಕೂರುತ್ತಿದ್ದುದುಂಟು ಎಂದಳು. ಕಣ್ಣು ಮುಚ್ಚಿ ಎತ್ತಿದಳು: ಮ್ಯಾಲಿನ ಕೇರಿಯೋರೆ, ಮಲ್ಲಿಗೆ ಚಪ್ಪರದೋರೆ. ಶ್ರುತಿ ತೀರ ಮೇಲೆ ಹೋಗಿತ್ತು. ಎಲ್ಲರೂ ಹಿಡಿದರು. ತಾನು ಎತ್ತಿದ ಕರೆಗೆ ತಾನೇ ಬಂದ್ವಿ ಎಂದು ನಗುತ್ತ ಪ್ರತಿಮಾ ಹಸೆಯ ಹತ್ತಿರ ಸರಿದಳು.

ಆಮೇಲೆ ಸುಷ್ಮಾ: ದಣಪೆ ದಾಟಿದ ಮನೆಯೋರೆ, ದಾಸಾಳ ಬೇಲಿಯೋರೆ. ಅವಳ ನಂತರ ಕೆರೆದಂಡೆಯವರು. ಪ್ರತಿಯೊಬ್ಬಳ ಹತ್ತಿರವೂ ತನ್ನ ತನ್ನ ಮನೆಯದೊಂದು ಸಾಲು ಇತ್ತು. ಯಾರೂ ಕಲಿಸಿರಲಿಲ್ಲ, ಕಾದಿದ್ದವರಿಗೆ ತಾನಾಗಿ ಬಂದಿತ್ತು.

ಕ್ರಮ ಮಾತ್ರ ಎಕ್ಕುಟ್ಟಿ ಹೋಯಿತು. ಮೊದಲು ಕೆರೆ, ಆಮೇಲೆ ಹೊಳೆಬದಿ, ಆಮೇಲೆ ದಣಪೆ, ಕೊನೆಗೆ ಮೇಲಿನ ಕೇರಿ, ಇದು ಅವ್ವನ ಕಾಲದ ದಾರಿ. ಇವರು ಮೇಲಿನ ಕೇರಿಯಿಂದ ದಣಪೆಗೆ ಹಾರಿದರು, ದಣಪೆಯಿಂದ ಕೆರೆಗೆ, ಕೆರೆಯಿಂದ ಮತ್ತೆ ಮೇಲಕ್ಕೆ. ಹಗ್ಗ ಬಿಚ್ಚಿಕೊಂಡ ಕರುವಿನಂತೆ ಹಾಡು ಊರೆಲ್ಲ ಅಲೆಯಿತು. ತಪ್ಪು, ತಪ್ಪು ಎಂದು ಯಮುನಮ್ಮನ ಬೆರಳು ಚಾಪೆಯ ಮೇಲೆ ಕುಟ್ಟುತ್ತಿತ್ತು.

ಕುಟ್ಟುತ್ತಿದ್ದ ಬೆರಳು ಒಂದು ಕಡೆ ನಿಂತಿತು. ಮೇಲಿನ ಕೇರಿಯಿಂದ ದಣಪೆಗೆ ಹಾಗೆ ಹಾರಿ ಹೋಗುವ ದಾರಿ ನಿಜಕ್ಕೂ ಒಂದಿತ್ತು. ಹುಲ್ಲುಬಣವೆಗಳ ಹಿಂದೆ, ಕವಳಿಮಟ್ಟಿಯ ಮುಳ್ಳುಪೊದೆಗಳ ಸಂದಿಯಲ್ಲಿ, ಒಬ್ಬರು ಮಾತ್ರ ನುಸುಳುವಷ್ಟು ಸಣ್ಣ ದಾರಿ. ದೊಡ್ಡವರು ಗಾಡಿರಸ್ತೆಯಲ್ಲಿ ಬರುತ್ತಿದ್ದರು, ಮಕ್ಕಳು ಇದರಲ್ಲಿ. ಕವಳಿಹಣ್ಣು ತಿಂದು ನಾಲಗೆ ನೇರಳೆ ಮಾಡಿಕೊಂಡು ಇದರಲ್ಲೇ ಓಡಿ, ಅವ್ವನಿಗಿಂತ ಮೊದಲು ಮನೆ ಮುಟ್ಟಿ, ಏನೂ ಅರಿಯದವಳ ಹಾಗೆ ಜಗುಲಿಯ ಮೇಲೆ ಕೂರುತ್ತಿದ್ದದ್ದು ನೆನಪಾಯಿತು. ಅಷ್ಟು ವರ್ಷ ತಪ್ಪದೆ ಗಾಡಿರಸ್ತೆಯಲ್ಲೇ ಹಾಡಿದವಳಿಗೆ ಆ ಸಂದಿ ಮರೆತೇ ಹೋಗಿತ್ತು. ಯಮುನಮ್ಮ ಕ್ರಮ ಎಣಿಸುವುದನ್ನು ಬಿಟ್ಟಳು. ಅವರು ಕರೆದುಕೊಂಡು ಹೋದ ಕಡೆ ಹೋದಳು. ಊರು ಅವಳು ಹಾಡುತ್ತಿದ್ದದ್ದಕ್ಕಿಂತ ದೊಡ್ಡದಿತ್ತು.

ಹತ್ತು ಮನೆಯಾಯಿತು. ಎಲ್ಲರೂ ಹಸೆಯ ಮುಂದೆ ಒತ್ತಿಕೊಂಡು ಕೂತಿದ್ದರು. ಇನ್ನು ಯಾರಿದ್ದಾರೆ ಎಂದು ಪ್ರತಿಮಾ ಸುತ್ತ ನೋಡಿದಳು. ಹಿಂದೆ ಗೋಡೆಗೆ ಒರಗಿ ಉಳಿದಿದ್ದವಳು ಯಮುನಮ್ಮ ಒಬ್ಬಳೇ.

ಆಗ ಹಾಲಮ್ಮ ಮೆಲ್ಲಗೆ ಹೇಳಿದಳು. ಇವತ್ತು ಎಲ್ಲರೂ ತಮ್ಮ ಮನೆಯನ್ನು ತಾವೇ ಕರೆದುಕೊಂಡರು, ಇರಲಿ, ಆದರೆ ಎತ್ತುವವಳು ತನ್ನ ಮನೆಯನ್ನು ತಾನು ಕರೆಯುವ ಹಾಗಿಲ್ಲ, ಅದು ಊರಿನ ಪದ್ಧತಿ. ಅದನ್ನು ಪಕ್ಕದ ಮನೆಯವಳು ಕಡೆಯಲ್ಲಿ ಕರೆಯಬೇಕು. ಯಮುನಿಯ ಅವ್ವ ಎತ್ತುತ್ತಿದ್ದ ಕಾಲದಲ್ಲಿ ಆ ಸಾಲನ್ನು ಕರೆಯುತ್ತಿದ್ದವಳು ತನ್ನ ಅವ್ವ. ಅವ್ವಂದಿರು ಹೋದ ಮೇಲೆ ಅದು ತನ್ನ ಪಾಲಿಗೆ ಬಂದದ್ದು.

"ಪ್ರತಿ ವರ್ಷ ಕರೀಬೇಕು ಅಂತ ಬಾಯಿ ತೆಗೀತಿದ್ದೆ," ಎಂದಳು ಹಾಲಮ್ಮ. "ಅಷ್ಟ್ರೊಳಗೆ ಇವ್ಳು ಎಲೆ ಹಾಕ್ಬೇಕು, ಸಾರು ಕುದ್ದು ಹೋತು ಅಂತ ಎದ್ದು ಒಳಗೆ ಹೋಗಿ ಆಗಿರ್ತಿತ್ತು. ಇಲ್ದೋರನ್ನ ಹ್ಯಾಂಗೆ ಕರೀಲಿ?"

ಯಮುನಮ್ಮ ಆ ಸಾಲನ್ನು ನೆನಪು ಮಾಡಿಕೊಳ್ಳಲು ನೋಡಿದಳು. ಬರಲಿಲ್ಲ. ಹಾಡೆಲ್ಲ ತನ್ನೊಬ್ಬಳ ಹತ್ತಿರ ಇದೆ ಎಂದು ಹೆಮ್ಮೆಪಟ್ಟವಳ ಹತ್ತಿರ ತನ್ನದೇ ಮನೆ ಇರಲಿಲ್ಲ. ಇಷ್ಟು ವರ್ಷ ಅವಳು ಎಲ್ಲರನ್ನೂ ತವರಿಗೆ ಕರೆದಿದ್ದಳು. ಅವಳನ್ನು ಯಾರೂ ಕರೆದಿರಲಿಲ್ಲ, ಕರೆಯುವುದಕ್ಕೆ ಅವಳು ಬಿಟ್ಟಿರಲಿಲ್ಲ.

ಹಾಲಮ್ಮ ಹಸೆಯ ಕಡೆ ತಿರುಗಿ ಎತ್ತಿದಳು. ದೊಡ್ಡ ಕಂಠವಲ್ಲ, ನಡುವೆ ಉಸಿರು ಬೇರೆ ತಪ್ಪಿತು.

ಗುಡ್ಡದಡಿ ಮನೆಯೋರೆ, ಗುಬ್ಬಿಗೂಡಿನ ಸೂರಿನೋರೆ.

ಗುಬ್ಬಿಗಳು. ಸೂರಿನ ಅಡಿಯಲ್ಲಿ ಸಾಲಾಗಿ ಗೂಡು ಕಟ್ಟುತ್ತಿದ್ದವು, ಗೂಡಿಗೆ ಪೊರಕೆ ತಾಗಿಸಿದರೆ ಅವ್ವ ಬೈಯುತ್ತಿದ್ದಳು. ಲಾರಿ ಹತ್ತುವ ದಿನ ಹೆಂಚು ಇಳಿಸಿದಾಗ ಅವು ಅಂಗಳದ ಮೇಲೆ ಸುತ್ತಿ ಸುತ್ತಿ ಹಾರಿದವು. ಅಪ್ಪ ತಲೆ ಎತ್ತಿ ನೋಡುತ್ತ ನಿಂತಿದ್ದ. ಯಮುನಮ್ಮನಿಗೆ ಅಳು ತಡೆಯಲಾಗಲಿಲ್ಲ, ತಡೆಯಲು ಅವಳು ನೋಡಲೂ ಇಲ್ಲ.

ಎಲ್ಲರೂ ಹಿಡಿದರು. ಎದ್ದು ಬನ್ನೀರೇ ನಮ್ಮ ಹಸೆಮುಂದೆ. ಹಿಡಿದವರು ನಿಲ್ಲಿಸಿ ಕಾದರು. ಓಗೊಡಲು ಆ ಮನೆಯಿಂದ ಬೇರೆ ಯಾರೂ ಇರಲಿಲ್ಲ. ಅವಳು ಅಪ್ಪ ಅವ್ವನಿಗೆ ಒಬ್ಬಳೇ ಮಗಳು. ಹಿತ್ತಲಿನ ಬಾಗಿಲಲ್ಲಿ ನಿಂತಿದ್ದ ಪುಟ್ಟಪ್ಪ, ಮಾತಾಡಬೇಡ ಎಂದು ಡಾಕ್ಟರು ಹೇಳಿದ್ದನ್ನು ನೆನಪಿಸಲು ಕೈ ಎತ್ತಿದವನು ಹಾಗೆಯೇ ಇಳಿಸಿದ.

ಯಮುನಮ್ಮ ಗೋಡೆ ಹಿಡಿದು ಎದ್ದಳು.

"ಬಂದ್ವಿ," ಎಂದಳು. ಒಡೆದ ದನಿ, ಹತ್ತಿರವಿದ್ದವರಿಗೆ ಮಾತ್ರ ಕೇಳಿತು.

ಹಸೆಯ ಮುಂದೆ ಅವಳಿಗೆ ಜಾಗ ಬಿಡಲು ಸುಷ್ಮಾ ಒಂದಿಷ್ಟು ಸರಿದು ಕೂತಳು.